ಜರ್ಮನಿಯ ಅರಮನೆ, ಸ್ಮಾರಕ ನೋಡಲು ಹೊರಟಿದ್ದೀರಾ? ಮೊದಲು ಒಳಗೆ ಹೋಗುವ ಹೊತ್ತು ಗೊತ್ತು ಮಾಡಿಕೊಳ್ಳಿ

ರಜೆ ಹತ್ತಿರ ಬಂದರೆ ಸಾಕು, ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಜನ ಕೇಳುತ್ತಾರೆ. ಮಗಳು ಮ್ಯೂನಿಕ್‌ನಲ್ಲಿದ್ದಾಳೆ, ನಾವಿಬ್ಬರೂ ಹದಿನೈದು ದಿನಕ್ಕೆ ಹೋಗುತ್ತಿದ್ದೇವೆ, ಏನೇನು ನೋಡಬಹುದು? ಟಿಕೆಟ್ ಅಲ್ಲೇ ಹೋಗಿ ತೆಗೆದುಕೊಂಡರೆ ಆಗುವುದಿಲ್ಲವಾ? ಆ ಬೆಟ್ಟದ ಮೇಲಿನ ಬಿಳಿ ಅರಮನೆಗೆ ಹೇಗೆ ಹೋಗುವುದು?

ಎಲ್ಲಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯ ಹೆಸರಾಂತ ಅರಮನೆಗಳ ಟಿಕೆಟ್ ಮೇಲೆ ದಿನ ಮಾತ್ರವಲ್ಲ, ಗಂಟೆ ಮತ್ತು ನಿಮಿಷ ಕೂಡ ಇರುತ್ತದೆ. ನಮ್ಮವರು ವಿಮಾನ, ಹೋಟೆಲ್, ರೈಲು ಎಲ್ಲ ಬುಕ್ ಮಾಡಿ ಕೊನೆಗೆ ಅರಮನೆಯ ಟಿಕೆಟ್ ಹುಡುಕುತ್ತಾರೆ. ಅಷ್ಟು ಹೊತ್ತಿಗೆ ಆ ದಿನದ್ದು ಖಾಲಿಯಾಗಿರುತ್ತದೆ. ಈ ಕ್ರಮವನ್ನು ತಿರುಗಿಸಿದರೆ ಅರ್ಧ ತಲೆನೋವು ಹೋದಂತೆ.

1. ಊರು ಕಡಿಮೆ ಇಟ್ಟುಕೊಳ್ಳಿ

ಹತ್ತು ದಿನದಲ್ಲಿ ಏಳು ಊರು ಎಂದು ಪಟ್ಟಿ ಮಾಡಬೇಡಿ. ಪೆಟ್ಟಿಗೆ ಎಳೆಯುವುದರಲ್ಲೇ ದಿನ ಹೋಗುತ್ತದೆ. ನನ್ನ ಸಲಹೆ ಇಷ್ಟು: ಬರ್ಲಿನ್‌ನಲ್ಲಿ ನಾಲ್ಕು ರಾತ್ರಿ, ಮ್ಯೂನಿಕ್‌ನಲ್ಲಿ ನಾಲ್ಕು ರಾತ್ರಿ. ಈ ಎರಡು ಊರುಗಳಲ್ಲಿ ತಂಗಿ, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಹಾಗೆ ಸುತ್ತಲಿನ ಜಾಗಗಳನ್ನು ನೋಡಿ. ಬರ್ಲಿನ್ ಪಕ್ಕದಲ್ಲೇ ಸಾನ್‌ಸೂಸಿ ಅರಮನೆಯ ಊರು ಪಾಟ್ಸ್‌ಡ್ಯಾಮ್ ಇದೆ. ಆ ಬೆಟ್ಟದ ಮೇಲಿನ ಬಿಳಿ ಅರಮನೆ, ಅಂದರೆ ನೊಯ್‌ಶ್ವಾನ್‌ಸ್ಟೈನ್‌ಗೆ ಹತ್ತಿರದ ಊರು ಫ್ಯೂಸೆನ್, ನಾಜಿ ಶಿಬಿರದ ಸ್ಮಾರಕವಿರುವ ಡಾಖೌ, ಎರಡಕ್ಕೂ ಮ್ಯೂನಿಕ್‌ನಿಂದ ಹೋಗಿ ಬರಬಹುದು. ವೇಗದ ರೈಲಿನಲ್ಲಿ ಬರ್ಲಿನ್‌ನಿಂದ ಮ್ಯೂನಿಕ್‌ಗೆ ಸುಮಾರು ನಾಲ್ಕು ಗಂಟೆ.

ಫ್ರಾಂಕ್‌ಫರ್ಟ್ ಅಥವಾ ಆ್ಯಮ್‌ಸ್ಟರ್‌ಡ್ಯಾಮ್ ಕಡೆಯಿಂದ ಬರುವವರಾದರೆ ದಾರಿಯಲ್ಲಿ ಕೊಲೋನ್ ಸೇರಿಸಿಕೊಳ್ಳಿ. ಅಲ್ಲಿನ ಮಹಾ ಚರ್ಚಿನ ಕೆಲಸ 1248ರಲ್ಲಿ ಶುರುವಾಯಿತು, ನಡುವೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಯಿತು, ಮುಗಿದದ್ದು 1880ರಲ್ಲಿ. ಗೋಪುರದ ಎತ್ತರ 157 ಮೀಟರ್. ಮುಖ್ಯ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ನಿಂತಿರುತ್ತದೆ. ಸಾಮಾನನ್ನು ನಿಲ್ದಾಣದ ಲಾಕರ್‌ನಲ್ಲಿ ಇಟ್ಟು, ಮೂರು ಗಂಟೆಯಲ್ಲಿ ನೋಡಿ ಮುಂದಿನ ರೈಲು ಹಿಡಿಯಬಹುದು. ದಕ್ಷಿಣ ಗೋಪುರ ಹತ್ತಲು ಬೇರೆ ಟಿಕೆಟ್ ಬೇಕು. 533 ಮೆಟ್ಟಿಲು, ಲಿಫ್ಟ್ ಇಲ್ಲ. ಮಂಡಿ ನೋವಿದ್ದವರು ಕೆಳಗಿನಿಂದಲೇ ನೋಡಿ ಖುಷಿಪಡಿ.

2. ವೀಸಾ

ಬೇಕಾದ್ದು ಶೆಂಗನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿಸಿ ಕೊಡುವ ಒಂದೇ ವೀಸಾ. ಇದರಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನದವರೆಗೆ ಇರಬಹುದು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಹೊರಡುವುದಕ್ಕೆ ಹದಿನೈದು ದಿನ ಮುಂಚೆಯಾದರೂ ಹಾಕಿರಲೇಬೇಕು. ನಿಜ ಹೇಳಬೇಕೆಂದರೆ ಎರಡು ಮೂರು ತಿಂಗಳು ಮುಂಚೆಯೇ ಅರ್ಜಿ ಕೇಂದ್ರದಲ್ಲಿ ದಿನ ಗೊತ್ತು ಮಾಡಿಕೊಳ್ಳಿ. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಅದಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ.

ಎಡವುವುದು ಎಲ್ಲಿ ಅಂದರೆ, ವಿಮೆಯಲ್ಲಿ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ, ಶೆಂಗನ್ ದೇಶಗಳಿಗೆಲ್ಲ ಅನ್ವಯವಾಗುವ ವಿಮೆ ಇರಬೇಕು. ಹೊರಡುವ ದಿನದಿಂದ ಮರಳುವ ದಿನದವರೆಗೂ ಅದು ನಡೆಯುತ್ತಿರಬೇಕು. ಪಾಸ್‌ಪೋರ್ಟ್ ಕೂಡ ನೋಡಿಕೊಳ್ಳಿ. ನೀವು ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳಾದರೂ ಅವಧಿ ಉಳಿದಿರಬೇಕು, ಎರಡು ಖಾಲಿ ಪುಟ ಇರಬೇಕು.

ಮಕ್ಕಳು ಅಲ್ಲಿದ್ದು, ಅಪ್ಪ ಅಮ್ಮನ ಖರ್ಚು ಅವರೇ ನೋಡಿಕೊಳ್ಳುವುದಾದರೆ ಅಲ್ಲಿನ ವಿದೇಶಿಯರ ಕಚೇರಿಯಿಂದ ಒಂದು ಪತ್ರ ತರಿಸಿಕೊಳ್ಳಬಹುದು. ಹೆಸರು ಉದ್ದ: ಫೆರ್‌ಫ್ಲಿಷ್‌ಟುಂಗ್ಸ್‌ಎರ್ಕ್ಲೇರುಂಗ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮುಚ್ಚಳಿಕೆ ಪತ್ರ. ಇವರ ಖರ್ಚಿಗೆಲ್ಲ ನಾನು ಹೊಣೆ ಎಂದು ಮಗನೋ ಮಗಳೋ ಸರ್ಕಾರಕ್ಕೆ ಬರೆದುಕೊಡುವುದು. ಇದರ ಅಸಲು ಪ್ರತಿ ಅಂಚೆಯಲ್ಲಿ ಭಾರತಕ್ಕೆ ಬರಬೇಕು. ಆ ಕಚೇರಿಯಲ್ಲಿ ದಿನ ಸಿಗುವುದಕ್ಕೇ ವಾರಗಟ್ಟಲೆ ಆಗಬಹುದು, ಹಾಗಾಗಿ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿಸಿ.

3. ಹೊತ್ತಿನ ಟಿಕೆಟ್

ಇದೇ ಮುಖ್ಯವಾದ ಹಂತ. ತಾರೀಖು ಒಂದು ಮಟ್ಟಿಗೆ ಗಟ್ಟಿಯಾದ ಮೇಲೆ, ಊರಿನಿಂದ ಊರಿಗೆ ಹೋಗುವ ರೈಲು ಬುಕ್ ಮಾಡುವ ಮೊದಲು, ಕೆಳಗಿನ ಜಾಗಗಳ ಸ್ವಂತ ವೆಬ್‌ಸೈಟ್‌ನಲ್ಲಿ ಹೊತ್ತು ಹಿಡಿದಿಟ್ಟುಕೊಳ್ಳಿ.

ನೊಯ್‌ಶ್ವಾನ್‌ಸ್ಟೈನ್ ಅರಮನೆ. ಗೈಡ್ ಜೊತೆ ಗುಂಪಿನಲ್ಲಿ ಮಾತ್ರ ಒಳಗೆ ಬಿಡುತ್ತಾರೆ. ನಿಮ್ಮ ಗುಂಪಿನ ಹೊತ್ತು ಮೀರಿದರೆ ಟಿಕೆಟ್ ಹೋಯಿತು, ಮುಂದಿನ ಗುಂಪಿಗೆ ಸೇರಿಸುವುದಿಲ್ಲ.

ಸಾನ್‌ಸೂಸಿ ಅರಮನೆ, ಪಾಟ್ಸ್‌ಡ್ಯಾಮ್. ಇಲ್ಲೂ ಗಂಟೆ ನಿಗದಿ. ಸುತ್ತಲಿನ ಉದ್ಯಾನಕ್ಕೆ ಮಾತ್ರ ಯಾವಾಗ ಬೇಕಾದರೂ ಹೋಗಬಹುದು.

ರೈಖ್‌ಸ್ಟಾಗ್, ಅಂದರೆ ಬರ್ಲಿನ್‌ನ ಸಂಸತ್ ಭವನದ ಗಾಜಿನ ಗುಮ್ಮಟ. ಹಣ ಕೊಡಬೇಕಾಗಿಲ್ಲ, ಆದರೆ ಸಂಸತ್ತಿನ ವೆಬ್‌ಸೈಟ್‌ನಲ್ಲಿ ಮುಂಚೆಯೇ ಹೆಸರು ಬರೆಸಬೇಕು. ಎಲ್ಲರ ಪೂರ್ತಿ ಹೆಸರು, ಹುಟ್ಟಿದ ದಿನಾಂಕ ಕೇಳುತ್ತಾರೆ. ಬಾಗಿಲಲ್ಲಿ ಪಾಸ್‌ಪೋರ್ಟ್ ಜೊತೆ ಹೋಲಿಸಿ ನೋಡುತ್ತಾರೆ. ನಮ್ಮ ಕಡೆಯ ಹೆಸರುಗಳಲ್ಲಿ ಇಲ್ಲೇ ಗೊಂದಲ ಆಗುವುದು. ಇನಿಶಿಯಲ್ ಮುಂದೋ ಹಿಂದೋ, ಅಪ್ಪನ ಹೆಸರು ಕೊನೆಯ ಹೆಸರಾ ಅಲ್ಲವಾ, ಕೆಲವರಿಗೆ ಆ ಜಾಗವೇ ಖಾಲಿ. ಮನೆಯಲ್ಲಿ ಕರೆಯುವ ಹೆಸರು, ಆಧಾರ್ ಕಾರ್ಡಿನ ಹೆಸರು ಯಾವುದೂ ಬೇಡ. ಪಾಸ್‌ಪೋರ್ಟ್‌ನಲ್ಲಿ ಅಕ್ಷರಗಳು ಹೇಗಿವೆಯೋ ಹಾಗೆಯೇ ತುಂಬಿಸಿ.

ಎರಡು ಎಚ್ಚರಿಕೆ. ಗೂಗಲ್‌ನಲ್ಲಿ ಹುಡುಕಿದಾಗ ಮೇಲುಗಡೆ ಬರುವುದು ಬಹಳ ಸಲ ಮರುಮಾರಾಟದವರ ಜಾಹೀರಾತು. ಅವರು ಜಾಸ್ತಿ ಹಣ ತೆಗೆದುಕೊಳ್ಳುತ್ತಾರೆ. ಉಚಿತವಾದ ಗುಮ್ಮಟಕ್ಕೂ ಪ್ಯಾಕೇಜ್ ಮಾಡಿ ಮಾರುವವರಿದ್ದಾರೆ. ಎರಡನೆಯದು, ಹೋಗಬೇಕೆಂದಿರುವ ಜಾಗ ತೆರೆದಿದೆಯೇ ಎಂದು ಮೊದಲು ನೋಡಿ. ಬರ್ಲಿನ್‌ನ ಪೆರ್ಗಮಾನ್ ಮ್ಯೂಸಿಯಂ 2023ರ ಅಕ್ಟೋಬರ್‌ನಲ್ಲಿ ದುರಸ್ತಿಗಾಗಿ ಪೂರ್ತಿ ಮುಚ್ಚಿತು. ಒಂದು ಭಾಗವನ್ನು 2027ರಲ್ಲಿ ತೆರೆಯುವ ಯೋಜನೆ ಇದೆ. ಬ್ಯಾಬಿಲೋನಿನ ನೀಲಿ ಇಶ್ತಾರ್ ದ್ವಾರ ಇರುವ ಭಾಗಕ್ಕೆ ಇನ್ನೂ ಬಹಳ ವರ್ಷ ಬೇಕು. ಹಳೆಯ ಪ್ರವಾಸ ಪುಸ್ತಕ ನಂಬಿ ಹೋದವರು ಬೇಲಿ ನೋಡಿಕೊಂಡು ವಾಪಸ್ ಬರುತ್ತಾರೆ. ಪೆರ್ಗಮಾನ್ ಇರುವ ಮ್ಯೂಸಿಯಂ ದ್ವೀಪದಲ್ಲೇ ನೊಯೆಸ್ ಮ್ಯೂಸಿಯಂ ಇದೆ. ಈಜಿಪ್ಟಿನ ರಾಣಿ ನೆಫರ್ಟಿಟಿಯ ಮೂರ್ತಿ ಅಲ್ಲಿದೆ. ಅದಕ್ಕೆ ಹೋಗಿ.

4. ವಾರದ ಲೆಕ್ಕ

ಸೋಮವಾರ ಬಹಳಷ್ಟು ಮ್ಯೂಸಿಯಂಗಳಿಗೆ ರಜೆ. ಸಾನ್‌ಸೂಸಿಯೂ ಮುಚ್ಚಿರುತ್ತದೆ. ಬಾಗಿಲ ಮೇಲೆ ರೂಎಟಾಗ್ ಎಂದು ಬರೆದಿದ್ದರೆ ವಾರದ ರಜೆ ಎಂದರ್ಥ. ಗೆಶ್ಲೊಸೆನ್ ಅಂದರೆ ಮುಚ್ಚಿದೆ. ನೊಯ್‌ಶ್ವಾನ್‌ಸ್ಟೈನ್ ಸೋಮವಾರವೂ ತೆರೆದಿರುತ್ತದೆ, ಹಾಗಾಗಿ ಆ ದಿನವನ್ನು ಅದಕ್ಕೆ ಇಟ್ಟುಕೊಳ್ಳಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ಹಣ್ಣು, ಬ್ರೆಡ್ ಶನಿವಾರವೇ ತಂದಿಟ್ಟುಕೊಳ್ಳಿ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಭಾನುವಾರಕ್ಕೆ ಒಂದು ಒಳ್ಳೆಯ ವಿಷಯವೂ ಇದೆ: ಮ್ಯೂನಿಕ್‌ನ ಪಿನಾಕೊಥೆಕ್ ಚಿತ್ರಶಾಲೆಗಳಿಗೆ ಆ ದಿನ ಒಂದೇ ಯೂರೋ.

ಚಳಿಗಾಲದಲ್ಲಿ ಹೋಗುವವರು ಹಗಲು ಎಷ್ಟು ಹೊತ್ತು ಎಂದು ನೋಡಿಕೊಳ್ಳಬೇಕು. ಡಿಸೆಂಬರ್‌ನಲ್ಲಿ ಬರ್ಲಿನ್‌ಗೆ ನಾಲ್ಕು ಗಂಟೆಗೇ ಕತ್ತಲು. ಅರಮನೆಗಳೂ ಬೇಗ ಮುಚ್ಚುತ್ತವೆ.

5. ರೈಲು, ಮೆಟ್ರೊ

ಮೊದಲು ಹೆಸರು. ನಾವು ಮ್ಯೂನಿಕ್ ಅನ್ನುವುದನ್ನು ಬೋರ್ಡಿನಲ್ಲಿ ಮ್ಯೂನ್‌ಶೆನ್ ಎಂದು ಬರೆದಿರುತ್ತಾರೆ, ಕೊಲೋನ್ ಅಲ್ಲಿ ಕ್ಯೋಲ್ನ್. ಹೌಪ್ಟ್‌ಬಾನ್‌ಹೋಫ್ ಅಂದರೆ ಊರಿನ ಮುಖ್ಯ ರೈಲು ನಿಲ್ದಾಣ. ಗ್ಲೈಸ್ ಅಂದರೆ ಪ್ಲಾಟ್‌ಫಾರ್ಮ್.

ಟಿಕೆಟ್‌ಗಳಲ್ಲಿ ಮೂರನ್ನು ತಿಳಿದುಕೊಂಡರೆ ಸಾಕು.

ಡಾಯ್ಚ್‌ಲಾಂಡ್ ಟಿಕೆಟ್: ಒಂದು ಕ್ಯಾಲೆಂಡರ್ ತಿಂಗಳ ಪಾಸ್. 2026ರ ಜನವರಿಯಿಂದ 63 ಯೂರೋ. ದೇಶದ ಎಲ್ಲ ಊರುಗಳ ಸಿಟಿ ಬಸ್, ಟ್ರಾಮ್, ಮೆಟ್ರೊ, ಲೋಕಲ್ ರೈಲುಗಳಿಗೆ ನಡೆಯುತ್ತದೆ. ಐಸಿಇ, ಐಸಿ ಎಂಬ ದೂರದ ವೇಗದ ರೈಲುಗಳಿಗೆ ನಡೆಯುವುದಿಲ್ಲ. ಇದು ಚಂದಾ ಪದ್ಧತಿ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳೂ ಹಣ ಕಡಿತವಾಗುತ್ತದೆ. ಊರಿಗೆ ವಾಪಸ್ ಬಂದು ತಿಂಗಳಾದ ಮೇಲೆ ಬ್ಯಾಂಕ್ ಸಂದೇಶ ನೋಡಿ ಗಾಬರಿಯಾದವರಿದ್ದಾರೆ. ನಿಮ್ಮ ಪ್ರವಾಸ 25ಕ್ಕೆ ಶುರುವಾಗಿ ಮುಂದಿನ ತಿಂಗಳ 8ಕ್ಕೆ ಮುಗಿಯುವುದಾದರೆ ಎರಡು ತಿಂಗಳ ಹಣ ಕೊಡಬೇಕು, ಅದು ಲಾಭವಲ್ಲ.

ಬಯೆರ್ನ್ ಟಿಕೆಟ್: ಬವೇರಿಯ ರಾಜ್ಯದೊಳಗೆ ಒಂದು ದಿನ ಸುತ್ತಲು, ಐದು ಜನರವರೆಗೆ ಒಂದೇ ಟಿಕೆಟ್. ಕುಟುಂಬಕ್ಕೆ ಇದೇ ಅಗ್ಗ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ನಡೆಯುವುದು.

ಸ್ಪಾರ್‌ಪ್ರೈಸ್: ದೂರದ ರೈಲಿಗೆ ಮುಂಚೆ ತೆಗೆದುಕೊಂಡರೆ ಸಿಗುವ ಕಡಿಮೆ ದರ. ಬರೆದಿರುವ ಅದೇ ರೈಲಿನಲ್ಲಿ ಹೋಗಬೇಕು. ನೀವು ತಲುಪುವುದು 20 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ತಡವಾಗುತ್ತದೆ ಎಂದು ಗೊತ್ತಾದರೆ ಬೇರೆ ರೈಲು ಹತ್ತಲು ಅವಕಾಶವಿದೆ. 60 ನಿಮಿಷ ತಡವಾದರೆ ಟಿಕೆಟ್ ಹಣದಲ್ಲಿ ಕಾಲು ಭಾಗ, 120 ನಿಮಿಷವಾದರೆ ಅರ್ಧ ಭಾಗ ಕೇಳಿ ಪಡೆಯಬಹುದು.

ಜರ್ಮನಿಯ ರೈಲು ಗಡಿಯಾರದ ಹಾಗೆ ಓಡುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಿಕೊಂಡು ಹೋಗಬೇಡಿ. ದೂರದ ರೈಲುಗಳು ತಡವಾಗುವುದು ಈಗ ಮಾಮೂಲು. ಊರು ಬದಲಿಸುವ ದಿನ ಹೊತ್ತಿನ ಟಿಕೆಟ್ ಇಟ್ಟುಕೊಳ್ಳಲೇಬೇಡಿ.

ಊರೊಳಗಿನ ಮೆಟ್ರೊಗೆ ನಮ್ಮ ಮೆಟ್ರೊ ಹಾಗೆ ಗೇಟ್ ಇರುವುದಿಲ್ಲ. ಯಾರೂ ತಡೆಯುವುದಿಲ್ಲ, ಸೀದಾ ಹತ್ತಬಹುದು. ಮಷಿನ್‌ನಲ್ಲಿ ತೆಗೆದುಕೊಂಡ ಕಾಗದದ ಟಿಕೆಟ್‌ಗೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಚಿಕ್ಕ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ಟಿಕೆಟ್ ಇದ್ದರೂ ಇಲ್ಲದ ಹಾಗೆ. ದಂಡ 60 ಯೂರೋ. ತಪಾಸಣೆ ಮಾಡುವವರು ಮಾಮೂಲಿ ಬಟ್ಟೆಯಲ್ಲೇ ಬರುತ್ತಾರೆ, ಪ್ರವಾಸಿಗರು ಎಂದು ಬಿಡುವುದಿಲ್ಲ.

ಇನ್ನೊಂದು, ವಲಯ. ಬರ್ಲಿನ್‌ನಲ್ಲಿ ಎ, ಬಿ, ಸಿ ಎಂದು ಮೂರು ವಲಯ. ಪಾಟ್ಸ್‌ಡ್ಯಾಮ್ ಮತ್ತು ವಿಮಾನ ನಿಲ್ದಾಣ ಸಿ ವಲಯದಲ್ಲಿವೆ. ಎಬಿ ಟಿಕೆಟ್ ಹಿಡಿದು ಅಲ್ಲಿಗೆ ಹೋದರೂ ದಂಡವೇ. ಎಬಿಸಿ ಕೇಳಿ ತೆಗೆದುಕೊಳ್ಳಿ.

6. ನೊಯ್‌ಶ್ವಾನ್‌ಸ್ಟೈನ್: ಆ ಒಂದು ದಿನ

ಬವೇರಿಯದ ರಾಜ ಎರಡನೆಯ ಲುಡ್ವಿಗ್ ಇದನ್ನು ಕಟ್ಟಿಸಲು ಶುರು ಮಾಡಿದ್ದು 1869ರಲ್ಲಿ. ನೋಡಲು ಮಧ್ಯಯುಗದ ಕೋಟೆಯಂತಿದೆ, ಆದರೆ ಒಳಗೆ ಬಿಸಿಗಾಳಿಯ ವ್ಯವಸ್ಥೆ, ನಲ್ಲಿ ನೀರು ಎಲ್ಲ ಇತ್ತು. 1886ರ ಜೂನ್‌ನಲ್ಲಿ ರಾಜ ಸ್ಟಾರ್ನ್‌ಬೆರ್ಗ್ ಸರೋವರದಲ್ಲಿ ಸತ್ತ. ಆಗ ಅವನಿಗೆ 40 ವರ್ಷ, ಅರಮನೆ ಇನ್ನೂ ಮುಗಿದಿರಲಿಲ್ಲ. ಯಾರಿಗೂ ತೋರಿಸಬಾರದು ಎಂದುಕೊಂಡಿದ್ದ ಈ ಮನೆಯನ್ನು ಅವನು ಸತ್ತ ಏಳೇ ವಾರದಲ್ಲಿ ಟಿಕೆಟ್ ಇಟ್ಟು ಜನಕ್ಕೆ ತೆರೆದರು. ಸಿಂಹಾಸನದ ಕೋಣೆಗೆ ಹೋದಾಗ ಸಿಂಹಾಸನ ಹುಡುಕಬೇಡಿ. ಅದನ್ನು ಮಾಡಿಸುವುದರೊಳಗೆ ರಾಜನೇ ಹೋಗಿಬಿಟ್ಟಿದ್ದ. 2025ರಲ್ಲಿ ಇದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮ್ಯೂನಿಕ್‌ನಿಂದ ಫ್ಯೂಸೆನ್‌ಗೆ ರೈಲಿನಲ್ಲಿ ಎರಡು ಗಂಟೆ. ಅಲ್ಲಿಂದ 73 ಅಥವಾ 78 ನಂಬರಿನ ಬಸ್, ಹೊಹೆನ್‌ಶ್ವಾಂಗೌ ಎಂಬ ಹಳ್ಳಿಗೆ. ಅರಮನೆ ಇರುವುದು ಬೆಟ್ಟದ ಮೇಲೆ, ಟಿಕೆಟ್ ಕಚೇರಿ ಇರುವುದು ಈ ಹಳ್ಳಿಯಲ್ಲಿ. ಹೊತ್ತು ತಪ್ಪಿಸಿಕೊಳ್ಳುವವರೆಲ್ಲ ತಪ್ಪಿಸಿಕೊಳ್ಳುವುದು ಇಲ್ಲೇ. ಹಳ್ಳಿ ತಲುಪಿದಾಕ್ಷಣ ಬಂದಾಯಿತು ಎಂದುಕೊಂಡು ಕಾಫಿಗೆ ಕೂರುತ್ತಾರೆ. ಮೇಲೆ ನಡೆಯಲು 30ರಿಂದ 40 ನಿಮಿಷ ಬೇಕು, ವಯಸ್ಸಾದವರಿಗೆ ಒಂದು ಗಂಟೆ. ಕುದುರೆ ಗಾಡಿ ಇದೆ, ಅದು ಬಾಗಿಲವರೆಗೆ ಹೋಗುವುದಿಲ್ಲ, ಕೊನೆಯ ಏರನ್ನು ನಡೆಯಬೇಕು. ಬಸ್ಸೂ ಇದೆ, ಅದು ಅರಮನೆಗಿಂತ ಮೇಲೆ ಬಿಡುತ್ತದೆ, ಇಳಿದು ಬರಬೇಕು. ಹಿಮ ಬಿದ್ದಾಗ ಬಸ್ ಓಡುವುದಿಲ್ಲ.

ನನ್ನ ಲೆಕ್ಕ ಹೀಗೆ. ಮಧ್ಯಾಹ್ನ ಒಂದರ ನಂತರದ ಹೊತ್ತು ಬುಕ್ ಮಾಡಿ. ಮ್ಯೂನಿಕ್‌ನಿಂದ 9ರ ನಂತರದ ಮೊದಲ ರೈಲು ಹಿಡಿಯಿರಿ, ಬಯೆರ್ನ್ ಟಿಕೆಟ್ ನಡೆಯುತ್ತದೆ. ಬಸ್ಸಿನಲ್ಲಿ ಮೇಲೆ ಹೋಗಿ ಮೊದಲು ಮಾರಿಯೆನ್‌ಬ್ರ್ಯೂಕೆ ಸೇತುವೆ ನೋಡಿ. ಚಿತ್ರಗಳಲ್ಲಿ ಕಾಣುವ ಅರಮನೆಯ ನೋಟ ಸಿಗುವುದು ಅಲ್ಲಿಂದಲೇ. ಕೆಳಗೆ ಆಳವಾದ ಕಮರಿ, ಕಾಲಡಿ ಹಲಗೆ ಅದುರುತ್ತದೆ, ತಲೆ ಸುತ್ತುವವರು ದಡದಲ್ಲೇ ನಿಲ್ಲಿ. ಆಮೇಲೆ ಅರಮನೆಗೆ ಇಳಿಯಿರಿ. ಒಳಗಿನ ಸುತ್ತು ಅರ್ಧ ಗಂಟೆ ಅಷ್ಟೇ, ಮೆಟ್ಟಿಲು ಮುನ್ನೂರಕ್ಕೂ ಜಾಸ್ತಿ, ಫೋಟೊ ತೆಗೆಯುವಂತಿಲ್ಲ. ದೊಡ್ಡ ಬ್ಯಾಗು, ಮಕ್ಕಳ ತಳ್ಳುಗಾಡಿ ಬಿಡುವುದಿಲ್ಲ. ಟಿಕೆಟ್ ಸಿಗದಿದ್ದರೂ ಸೇತುವೆ ನೋಡಲು ಹೋಗಿ ಬರುವುದಕ್ಕೆ ಅಡ್ಡಿ ಇಲ್ಲ. ನನ್ನನ್ನು ಕೇಳಿದರೆ, ಒಳಗಿಗಿಂತ ಹೊರಗಿನ ನೋಟವೇ ಹೆಚ್ಚು.

7. ಬರ್ಲಿನ್‌ನಲ್ಲಿ ಯಾವುದು ಮೊದಲು

ಬ್ರಾಂಡೆನ್‌ಬರ್ಗ್ ದ್ವಾರಕ್ಕೆ ಟಿಕೆಟ್ ಇಲ್ಲ, ಬಾಗಿಲು ಮುಚ್ಚುವ ಹೊತ್ತೂ ಇಲ್ಲ. ಬೆಳಿಗ್ಗೆ ಏಳಕ್ಕೆ ಹೋದರೆ ಜನ ಇರುವುದಿಲ್ಲ. ಮೇಲಿನ ನಾಲ್ಕು ಕುದುರೆಯ ರಥವನ್ನು ನೆಪೋಲಿಯನ್ 1806ರಲ್ಲಿ ಪ್ಯಾರಿಸ್‌ಗೆ ಹೊತ್ತೊಯ್ದಿದ್ದ, 1814ರಲ್ಲಿ ವಾಪಸ್ ಬಂತು. ಅಲ್ಲಿಂದ ರೈಖ್‌ಸ್ಟಾಗ್ ಐದು ನಿಮಿಷದ ನಡಿಗೆ.

ಊರನ್ನು ಪೂರ್ವ, ಪಶ್ಚಿಮ ಎಂದು ಎರಡು ಮಾಡಿದ್ದ ಬರ್ಲಿನ್ ಗೋಡೆ ನೋಡಲು ಹೆಚ್ಚಿನವರು ಆಗಿನ ಗಡಿ ಠಾಣೆ ಚೆಕ್‌ಪಾಯಿಂಟ್ ಚಾರ್ಲಿಗೆ ಓಡುತ್ತಾರೆ. ಅಲ್ಲಿರುವ ಕಾವಲು ಮನೆ ಅಸಲಿಯಲ್ಲ, ಆಮೇಲೆ ಮಾಡಿಟ್ಟದ್ದು. ಗೋಡೆ ಏನಾಗಿತ್ತು ಎಂದು ಅರ್ಥವಾಗಬೇಕಿದ್ದರೆ ಬೆರ್ನೌವರ್ ರಸ್ತೆಯ ಸ್ಮಾರಕಕ್ಕೆ ಹೋಗಿ. ಹಣ ಬೇಡ. ಗೋಡೆ, ಅದರ ಹಿಂದಿನ ಬಯಲು ಪಟ್ಟಿ, ಕಾವಲು ಗೋಪುರ ಎಲ್ಲವನ್ನೂ ಒಂದೇ ಕಡೆ ನೋಡಬಹುದು. ಎದುರಿನ ಕಟ್ಟಡದ ಮೇಲೆ ಹತ್ತಿ ನೋಡಿದರೆ, 1961ರಿಂದ 1989ರವರೆಗೆ ಒಂದೇ ಬೀದಿಯ ಜನ ಹೇಗೆ ಎರಡಾಗಿದ್ದರು ಎಂದು ಕಣ್ಣಿಗೆ ಕಟ್ಟುತ್ತದೆ.

ಯಹೂದಿಗಳ ಹತ್ಯಾಕಾಂಡದ ಸ್ಮಾರಕ ಬ್ರಾಂಡೆನ್‌ಬರ್ಗ್ ದ್ವಾರದ ಹತ್ತಿರವೇ ಇದೆ, 2,711 ಬೂದು ಬಣ್ಣದ ಕಾಂಕ್ರೀಟ್ ದಿಮ್ಮಿಗಳು. ದಯವಿಟ್ಟು ಅವುಗಳ ಮೇಲೆ ಹತ್ತಬೇಡಿ, ಕುಣಿದು ರೀಲ್ಸ್ ಮಾಡಬೇಡಿ. ಮಕ್ಕಳಿಗೂ ಮುಂಚೆಯೇ ಹೇಳಿ.

8. ಡಾಖೌ

ಮ್ಯೂನಿಕ್‌ನಿಂದ ಎಸ್2 ಲೋಕಲ್ ರೈಲು, ಡಾಖೌ ನಿಲ್ದಾಣದಿಂದ 726 ನಂಬರಿನ ಬಸ್. ಒಳಗೆ ಹೋಗಲು ಹಣವಿಲ್ಲ. ಮ್ಯೂನಿಕ್ ಊರೊಳಗಿನ ಎಂ ವಲಯದ ಟಿಕೆಟ್ ಇಲ್ಲಿಗೆ ಸಾಲದು, ಎಂ ಮತ್ತು 1 ಎರಡೂ ವಲಯ ಸೇರಿದ ಎಂ-1 ಟಿಕೆಟ್ ಬೇಕು.

ಇದು ನಾಜಿಗಳ ಮೊದಲ ಕಾನ್ಸಂಟ್ರೇಷನ್ ಕ್ಯಾಂಪ್‌ಗಳಲ್ಲಿ ಒಂದು, ಅಂದರೆ ಜನರನ್ನು ವಿಚಾರಣೆಯಿಲ್ಲದೆ ಕೂಡಿಹಾಕಿ, ದುಡಿಸಿ, ಕೊಂದ ಶಿಬಿರ. 1933ರ ಮಾರ್ಚ್‌ನಿಂದ 1945ರ ಏಪ್ರಿಲ್‌ವರೆಗೆ ನಡೆಯಿತು. 2 ಲಕ್ಷಕ್ಕೂ ಹೆಚ್ಚು ಜನ ಇಲ್ಲಿ ಸೆರೆಯಲ್ಲಿದ್ದರು, 41 ಸಾವಿರಕ್ಕೂ ಹೆಚ್ಚು ಜನ ಸತ್ತರು. ಶವ ಸುಡುತ್ತಿದ್ದ ಕಟ್ಟಡದಲ್ಲಿ ನಾಲ್ಕು ಮಹಿಳೆಯರ ಹೆಸರಿರುವ ಒಂದು ಫಲಕವಿದೆ. ಅದರಲ್ಲಿ ನೂರ್ ಇನಾಯತ್ ಖಾನ್ ಹೆಸರು ಹುಡುಕಿ. ಟಿಪ್ಪು ಸುಲ್ತಾನನ ವಂಶದವಳು. ನಾಜಿಗಳ ಕೈಯಲ್ಲಿದ್ದ ಪ್ಯಾರಿಸ್‌ನಲ್ಲಿ ಬ್ರಿಟಿಷರ ಪರವಾಗಿ ಗುಟ್ಟಾಗಿ ರೇಡಿಯೊ ಸಂದೇಶ ಕಳಿಸುತ್ತಿದ್ದಳು. 1944ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಗುಂಡಿಟ್ಟು ಕೊಂದರು, ಆಗ ಅವಳಿಗೆ 30 ವರ್ಷ. ನಮ್ಮ ಮಣ್ಣಿನ ನಂಟಿರುವ ಈ ಹೆಸರಿನ ಮುಂದೆ ಎರಡು ನಿಮಿಷ ನಿಂತು ಬನ್ನಿ.

ಅರ್ಧ ದಿನ ಇಟ್ಟುಕೊಳ್ಳಿ. ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಅದೇ ಸಂಜೆ ಬೇರೆ ಯಾವ ಟಿಕೆಟ್ಟೂ ಬೇಡ, ಮನಸ್ಸು ಬರುವುದಿಲ್ಲ.

ನಮ್ಮವರಿಗೆ ವಿಶೇಷವಾಗಿ ಒಂದು ಮಾತು. ಸ್ವಸ್ತಿಕ ಇರುವ ಪದಕ, ಕೀಚೈನ್, ಚೀಲ, ಅಂಗಿ ಹಾಕಿಕೊಂಡು ಜರ್ಮನಿಯಲ್ಲಿ ಓಡಾಡಬೇಡಿ. ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಅಲ್ಲಿ ಅಪರಾಧ. ನಮ್ಮ ಸ್ವಸ್ತಿಕದ ಅರ್ಥವೇ ಬೇರೆ, ನಿಜ. ಆದರೆ ರಸ್ತೆಯಲ್ಲಿ ಎದುರು ಬಂದವರಿಗೆ ಅದು ಗೊತ್ತಿರುವುದಿಲ್ಲ. ಡಾಖೌದಂಥ ಜಾಗದಲ್ಲಂತೂ ಅದು ಬೇರೆಯವರ ಗಾಯ ಕೆದಕಿದ ಹಾಗೆ.

9. ಊಟ, ನೀರು, ಚಿಲ್ಲರೆ

ಸಸ್ಯಾಹಾರಿಗಳು ವೆಗೆಟಾರಿಶ್ ಎಂಬ ಪದ ಕಲಿತುಕೊಳ್ಳಿ. ಮೋಸ ಹೋಗುವುದು ಆಲೂಗಡ್ಡೆಯಲ್ಲಿ. ಆಲೂ ಪಲ್ಯ, ಆಲೂ ಸಲಾಡ್‌ಗಳಿಗೆ ಸ್ಪೆಕ್, ಅಂದರೆ ಹಂದಿಮಾಂಸದ ಚೂರು ಹಾಕಿರುವುದುಂಟು. ಓಹ್ನೆ ಸ್ಪೆಕ್, ಸ್ಪೆಕ್ ಬೇಡ, ಎಂದು ಹೇಳಿ. ಕೇಸೆಶ್ಪೆಟ್ಸ್‌ಲೆ ಎಂಬ ಚೀಸ್ ಹಾಕಿದ ನೂಡಲ್ಸ್ ಎಲ್ಲೆಡೆ ಸಿಗುತ್ತದೆ, ಅದರ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಏನೂ ಸಿಗದಿದ್ದರೆ ಟರ್ಕಿಯವರ ಅಂಗಡಿಯ ಫಲಾಫೆಲ್, ಅಂದರೆ ಕಡಲೆಯ ವಡೆ, ಇದ್ದೇ ಇದೆ.

ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಂಡು ಹೊರಡಿ. ಹೋಟೆಲಿನಲ್ಲಿ ಸುಮ್ನೆ ವಾಟರ್ ಎಂದರೆ ಸೋಡಾ ತಂದಿಡುತ್ತಾರೆ, ಅದಕ್ಕೆ ದುಡ್ಡು ಬೇರೆ. ಶೌಚಾಲಯಕ್ಕೆ 50 ಸೆಂಟ್, ಒಂದು ಯೂರೋ ನಾಣ್ಯಗಳು ಜೇಬಿನಲ್ಲಿರಲಿ.

10. ಒಂದು ದಿನ ಉಳಿದರೆ ಟ್ಯೂಬಿಂಗೆನ್

ಇದು ಪ್ರವಾಸ ಕಂಪನಿಗಳ ಪಟ್ಟಿಯಲ್ಲಿ ಸಿಗುವುದಿಲ್ಲ, ಕನ್ನಡದವರು ಮಾತ್ರ ಬಿಡಬಾರದು. ಫರ್ಡಿನಾಂಡ್ ಕಿಟೆಲ್ ಕೊನೆಯ ದಿನಗಳನ್ನು ಕಳೆದ ಊರು ಇದು. ಇವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದಕ್ಕಾಗಿಯೇ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಸ್ಟುಟ್‌ಗಾರ್ಟ್‌ನಿಂದ ಲೋಕಲ್ ರೈಲಿನಲ್ಲಿ ಸುಮಾರು ಒಂದು ಗಂಟೆ, ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತದೆ. ಯುದ್ಧದಲ್ಲಿ ಹೆಚ್ಚು ಹಾಳಾಗದ ಊರು, ಹಾಗಾಗಿ ಹಳೆಯ ಮರದ ಚೌಕಟ್ಟಿನ ಮನೆಗಳು ಇನ್ನೂ ನಿಂತಿವೆ. ನಿಲ್ದಾಣದಿಂದ ನೆಕರ್ ನದಿಯ ಸೇತುವೆ ದಾಟಿ ನಡೆದುಕೊಂಡೇ ಹೋಗಬಹುದು. ಮೇಲಿನ ಕೋಟೆಯಲ್ಲಿ ವಿಶ್ವವಿದ್ಯಾಲಯದ ಮ್ಯೂಸಿಯಂ ಇದೆ. ಅಲ್ಲಿ ಬೆರಳುದ್ದದ ಒಂದು ಪುಟ್ಟ ಕುದುರೆಯನ್ನು ಗಾಜಿನೊಳಗೆ ಇಟ್ಟಿದ್ದಾರೆ. ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು, ಸುಮಾರು 40,000 ವರ್ಷ ಹಳೆಯದು. ಮ್ಯೂಸಿಯಂಗೆ ರಜೆ ಇರುವ ಸೋಮವಾರ, ಮಂಗಳವಾರ ಬಿಟ್ಟು ಹೋಗಿ. ಊರು ಏರು ತಗ್ಗು, ಕಲ್ಲು ಹಾಸಿದ ರಸ್ತೆ, ಮೆತ್ತನೆಯ ಶೂ ಹಾಕಿಕೊಳ್ಳಿ.